ಇಂದಿನ ಧಮ್ಮ ಚಿಂತನೆ: ನಾವು ಯಾರನ್ನು ಕಾಯಿಸುತ್ತೇವೆ?



ಇವತ್ತಿನ ಚಿಂತನೆಯನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದ ಆರು ಜನ ವಿನೋಬನಗರದಲ್ಲೇ ಇರುವ ಒಬ್ಬ ಅಕ್ಕನ ಮನೆಗೆ ಹೋಗಿದ್ದೆವು. ಅವರು ಹೊಸದಾಗಿ ಬಾಡಿಗೆಗೆ ಬಂದ ಮನೆ. ಬುದ್ಧವಂದನೆ ಮಾಡಿ, ಪಂಚಶೀಲ ಹೇಳಿ, ಸ್ವಲ್ಪ ಹೊತ್ತು ಮಾತಾಡಿ ಬರೋಣ ಎಂದು ಮಾತಾಗಿತ್ತು. ಅಕ್ಕನಿಗೆ ಹೇಳಿದ್ದು ಬೆಳಿಗ್ಗೆ ಎಂಟೂವರೆಗೆ. ನಾವು ಹೋಗಿ ಮುಟ್ಟಿದ್ದು ಹತ್ತಕ್ಕೆ. ಒಬ್ಬರು ಹೂವು ತರಲು ಹೋದರು, ಒಬ್ಬರು ಪೆಟ್ರೋಲ್ ಹಾಕಿಸಲು ನಿಂತರು, ಇಬ್ಬರು ಪೊಲೀಸ್ ಚೌಕಿ ಹತ್ತಿರ ಕಾಫಿ ಕುಡಿಯುತ್ತಾ ಮಾತಿಗೆ ಕೂತರು. ನಡುವೆ ಅಕ್ಕ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ "ಹೊರಟ್ವಿ ಅಕ್ಕ, ಇನ್ನೈದು ನಿಮಿಷ" ಎಂದವನು ನಾನು. ಮೊದಲನೇ ಸಲ ಹಾಗೆ ಹೇಳುವಾಗ ನನ್ನ ಸ್ನಾನವೇ ಆಗಿರಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ನಗುತ್ತಲೇ ಒಳಗೆ ಕರೆದರು. ತಣ್ಣಗಾಗಿದ್ದ ಉಪ್ಪಿಟ್ಟನ್ನು ಮತ್ತೆ ಬಿಸಿ ಮಾಡಿ ಕೊಟ್ಟರು. ವಂದನೆ ಚೆನ್ನಾಗಿಯೇ ಆಯಿತು. ಮೈತ್ರಿಯ ಬಗ್ಗೆ ನಾನೇ ಹತ್ತು ನಿಮಿಷ ಮಾತಾಡಿದೆ. ಅಕ್ಕನ ಕಣ್ಣು ಪದೇ ಪದೇ ಗೋಡೆ ಗಡಿಯಾರದ ಕಡೆ ಹೋಗುತ್ತಿದ್ದುದನ್ನು ನೋಡಿದ್ದೆ. ಆದರೆ ಯಾಕೆ ಎಂದು ಕೇಳಲಿಲ್ಲ.

ಮಾರನೇ ದಿನ ಅವರ ಮಗಳು ಹೇಳಿದಳು. ಅಕ್ಕ ಎರಡು ಮನೆಗಳಲ್ಲಿ ಮನೆಗೆಲಸ ಮಾಡುತ್ತಾರೆ. ಆ ಭಾನುವಾರ ಒಂದು ಮನೆಯಲ್ಲಿ ನೆಂಟರಿದ್ದರು. ನಮಗೋಸ್ಕರ ಅವರನ್ನು ಬೇಡಿಕೊಂಡು "ಹತ್ತು ಗಂಟೆಗೆ ಬಂದುಬಿಡ್ತೀನಿ" ಎಂದು ಒಪ್ಪಿಸಿದ್ದರು. ಹೋದದ್ದು ಹನ್ನೊಂದೂವರೆಗೆ. ಅಲ್ಲಿ ಬೈಸಿಕೊಂಡರು. "ನಿಮ್ಮವರಿಗೆ ಟೈಮ್ ಅನ್ನೋದೇ ಗೊತ್ತಿಲ್ಲ" ಎಂದರಂತೆ.

"ನಿಮ್ಮವರು" ಎಂಬ ಮಾತಿನ ಅರ್ಥವನ್ನು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಮಾಡಿದ್ದು ನಾನು. ಬೈಗುಳ ತಿಂದದ್ದು ಅಕ್ಕ. ಆ ಬೈಗುಳದಲ್ಲಿ ಜಾತಿಯೂ ಸೇರಿಕೊಂಡಿತ್ತು.

*ಎಲ್ಲಿಗೆ ತಡ, ಎಲ್ಲಿಗೆ ಹೊತ್ತಿಗೆ ಸರಿಯಾಗಿ?*

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಡಿ.ಸಿ. ಆಫೀಸಿಗೆ ಹನ್ನೊಂದಕ್ಕೆ ಬನ್ನಿ ಎಂದರೆ ನಾನು ಹತ್ತೂವರೆಗೇ ಅಲ್ಲಿರುತ್ತೇನೆ. ಬ್ಯಾಂಕಿನ ಮ್ಯಾನೇಜರ್ ಕರೆದರೆ, ಮಗನ ಕಾಲೇಜಿನ ಪ್ರಾಂಶುಪಾಲರು ಕರೆದರೆ, ದೊಡ್ಡ ಡಾಕ್ಟರ ಅಪಾಯಿಂಟ್‌ಮೆಂಟ್ ಇದ್ದರೆ ಒಂದು ದಿನವೂ ತಡವಾಗಿಲ್ಲ. ಅಂದರೆ ನನಗೆ ಸಮಯಪಾಲನೆ ಬರುವುದಿಲ್ಲ ಎಂಬುದು ಸುಳ್ಳು. ಬರುತ್ತದೆ. ಯಾರ ಮುಂದೆ ತಡವಾಗಿ ಹೋದರೆ ನನಗೆ ನಷ್ಟವೋ ಅಲ್ಲಿ ಬರುತ್ತದೆ. ಯಾರು ಏನೂ ಅನ್ನುವುದಿಲ್ಲವೋ, ಯಾರು ನಗುತ್ತಾ ಬಿಸಿ ಮಾಡಿ ಕೊಡುತ್ತಾರೋ ಅವರ ಮನೆಗೆ ಮಾತ್ರ ತಡ.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಮೇಲೆ ಹೋದಷ್ಟೂ ಗೌರವ ಏರುತ್ತದೆ, ಕೆಳಗೆ ಇಳಿದಷ್ಟೂ ತಿರಸ್ಕಾರ ಹೆಚ್ಚುತ್ತದೆ. ಆ ಏಣಿಯನ್ನು ಬಿಟ್ಟು ಬಂದಿದ್ದೇವೆ ಎಂದು ನಾವು ಹೇಳಿಕೊಳ್ಳುತ್ತೇವೆ. ಮನೆಯಲ್ಲಿ ಹಳೆಯ ಪಟಗಳಿಲ್ಲ, ಹಣೆಯ ಮೇಲೆ ಗುರುತಿಲ್ಲ, 22 ಪ್ರತಿಜ್ಞೆ ತೆಗೆದುಕೊಂಡಿದ್ದೇವೆ. ಆದರೆ ನಮ್ಮ ಕೈಗಡಿಯಾರದಲ್ಲಿ ಆ ಏಣಿ ಇನ್ನೂ ಇದೆಯೇ ಎಂದು ನೋಡಿಕೊಂಡಿದ್ದೇವೆಯೇ?

ನಮ್ಮ ಸಭೆಗಳನ್ನೇ ನೆನಪಿಸಿಕೊಳ್ಳಿ. ಏಪ್ರಿಲ್ 14ರ ಜಯಂತಿಗೆ ಹತ್ತು ಗಂಟೆ ಎಂದು ಅಚ್ಚು ಹಾಕಿಸುತ್ತೇವೆ. ಶಾಮಿಯಾನದ ಕೆಳಗೆ ಹೆಂಗಸರು, ಮಕ್ಕಳು, ವಯಸ್ಸಾದವರು ಹತ್ತಕ್ಕೇ ಬಂದು ಕೂತಿರುತ್ತಾರೆ. ಮುಖ್ಯ ಅತಿಥಿ ಬರುವುದು ಹನ್ನೆರಡೂವರೆಗೆ. ಅವರು ಬರುವ ತನಕ ದೀಪ ಹಚ್ಚುವ ಹಾಗಿಲ್ಲ, ವಂದನೆ ಶುರು ಮಾಡುವ ಹಾಗಿಲ್ಲ. ಮುನ್ನೂರು ಜನರ ಎರಡೂವರೆ ಗಂಟೆಗಿಂತ ಒಬ್ಬರ ಸಮಯ ದೊಡ್ಡದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಬಾಬಾಸಾಹೇಬರ ಪಟದ ಮುಂದೆಯೇ ನಾವು ಅದನ್ನು ಮಾಡಿ ತೋರಿಸುತ್ತೇವೆ.

*ಮಸೂರು ಸ್ಟೇಷನ್ನಿನಲ್ಲಿ ಕಾದ ಮಕ್ಕಳು*

ಕಾಯುವುದು ಏನು ಎಂದು ಬಾಬಾಸಾಹೇಬರಿಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. "ವೇಟಿಂಗ್ ಫಾರ್ ಎ ವೀಸಾ" ಎಂಬ ತಮ್ಮ ನೆನಪುಗಳ ಬರಹದಲ್ಲಿ ಅವರು ಮೊದಲಿಗೆ ಹೇಳುವುದು 1901ರ ಒಂದು ಪ್ರಯಾಣದ ಕತೆ. ತಂದೆ ಕೆಲಸದ ಮೇಲೆ ಕೋರೆಗಾಂವ್‌ನಲ್ಲಿದ್ದರು, ಮಕ್ಕಳು ಸಾತಾರಾದಲ್ಲಿ. ಬೇಸಿಗೆ ರಜೆಗೆ ಬನ್ನಿ ಎಂದು ತಂದೆ ಕರೆದರು. ಮಕ್ಕಳು ಹೊಸ ಅಂಗಿ, ಹೊಸ ಟೋಪಿ ಹಾಕಿಕೊಂಡು, ಎಂದು ಬರುತ್ತೇವೆ ಎಂದು ಮುಂಚೆಯೇ ಕಾಗದ ಬರೆದು ರೈಲು ಹತ್ತಿದರು. ಯಾರ ಮನೆಗಾದರೂ ಹೋಗುವವರು ಏನೇನು ಮಾಡಬೇಕೋ ಅಷ್ಟನ್ನೂ ಮಾಡಿದ್ದರು.

ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಕಾದರು. ಉಳಿದ ಪ್ರಯಾಣಿಕರೆಲ್ಲ ಹೋದರು. ಸ್ಟೇಷನ್ ಮಾಸ್ತರರು ಬಂದು ವಿಚಾರಿಸಿದರು. ಮಹಾರ್ ಮಕ್ಕಳು ಎಂದು ಗೊತ್ತಾದ ಕೂಡಲೇ ಅವರ ಮುಖ ಬದಲಾಯಿತು. ಗಾಡಿಯವರು ಯಾರೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆದುಕೊಂಡು, ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬರುವುದೆಂದು ಒಪ್ಪಂದವಾಯಿತು. ದಾರಿಯಲ್ಲಿ ಕುಡಿಯಲು ನೀರು ಸಿಗಲಿಲ್ಲ. ಬುತ್ತಿ ಇದ್ದರೂ ನೀರಿಲ್ಲದೆ ಉಣ್ಣಲಾಗಲಿಲ್ಲ. ರಾತ್ರಿಯೆಲ್ಲ ಹಸಿವು, ಬಾಯಾರಿಕೆ, ಭಯ. ಮನೆ ಮುಟ್ಟಿದ್ದು ಮಾರನೇ ದಿನ.

ಆಮೇಲೆ ತಿಳಿದದ್ದು ಇಷ್ಟು: ಕಾಗದ ತಲುಪಿತ್ತು. ತಂದೆಯ ಆಳು ಅದನ್ನು ಇಸಿದುಕೊಂಡಿದ್ದ. ತಂದೆಗೆ ಕೊಟ್ಟಿರಲಿಲ್ಲ.

ಈ ಕತೆಯನ್ನು ನಾವು ಅಸ್ಪೃಶ್ಯತೆಯ ಕತೆಯಾಗಿ ಓದುತ್ತೇವೆ, ಹಾಗೆ ಓದುವುದೇ ಸರಿ. ಆದರೆ ನಮ್ಮ ಇಂದಿನ ವಿಷಯಕ್ಕೆ ಅದರಲ್ಲಿ ಇನ್ನೊಂದು ಪಾಠವಿದೆ. ಒಂದು ಸಣ್ಣ ಮರೆವು ಮೇಲ್ಜಾತಿಯ ಮಕ್ಕಳಿಗೆ ಆಗಿದ್ದರೆ ಅರ್ಧ ಗಂಟೆಯ ತೊಂದರೆ. ಸ್ಟೇಷನ್ ಮಾಸ್ತರರೇ ಗಾಡಿ ಗೊತ್ತುಮಾಡಿ, ನೀರು ಕೊಟ್ಟು ಕಳಿಸುತ್ತಿದ್ದರು. ಅದೇ ಮರೆವು ಈ ಮಕ್ಕಳಿಗೆ ಒಂದು ಇಡೀ ರಾತ್ರಿಯ ನರಕವಾಯಿತು. ತಪ್ಪಿನ ಅಳತೆ ಒಂದೇ. ಪೆಟ್ಟಿನ ಅಳತೆ ಬೇರೆ ಬೇರೆ. ಯಾರ ಕೈಯಲ್ಲಿ ಕಡಿಮೆ ಇದೆಯೋ ಅವರಿಗೆ ಪೆಟ್ಟು ಜೋರು.

ಕಾರು ಇರುವ ಗೆಳೆಯನನ್ನು ಒಂದು ಗಂಟೆ ಕಾಯಿಸಿದರೆ ಅವನು ಮೊಬೈಲ್ ನೋಡುತ್ತಾ ಕೂರುತ್ತಾನೆ. ಮನೆಗೆಲಸದ ಅಕ್ಕನನ್ನು ಒಂದು ಗಂಟೆ ಕಾಯಿಸಿದರೆ ಅವರ ಕೆಲಸಕ್ಕೇ ಕುತ್ತು ಬರಬಹುದು. ಭದ್ರಾವತಿಯಿಂದ ಬಸ್ಸಿನಲ್ಲಿ ಬರುವ ಅಣ್ಣನನ್ನು ರಾತ್ರಿ ಒಂಬತ್ತರ ತನಕ ಕೂರಿಸಿಕೊಂಡರೆ ವಾಪಸ್ ಹೋಗುವ ಬಸ್ಸು ತಪ್ಪಬಹುದು. ಕೂಲಿಯವರಿಗೆ ಅರ್ಧ ದಿನ ಎಂದರೆ ಅರ್ಧ ದಿನದ ಅನ್ನ. ಆದ್ದರಿಂದ "ಒಂದು ಗಂಟೆ ತಾನೆ" ಎನ್ನುವ ಮೊದಲು, ಅದು ಯಾರ ಒಂದು ಗಂಟೆ ಎಂದು ಕೇಳಿಕೊಳ್ಳಬೇಕು.

*ಅಂಬಪಾಲಿಗೆ ಕೊಟ್ಟ ಮಾತು*

ಭಗವಾನ್ ಬುದ್ಧರು ವೈಶಾಲಿಗೆ ಬಂದು ಅಂಬಪಾಲಿಯ ಮಾವಿನ ತೋಪಿನಲ್ಲಿ ತಂಗಿದ್ದ ಪ್ರಸಂಗ ನಿಮಗೆಲ್ಲ ಗೊತ್ತು. ಮಹಾಪರಿನಿಬ್ಬಾಣ ಸುತ್ತದಲ್ಲಿ ಅದು ಬರುತ್ತದೆ. ಅಂಬಪಾಲಿ ಗಣಿಕೆ. ಅವಳು ಬಂದು ಧಮ್ಮ ಕೇಳಿ, ನಾಳೆ ಭಿಕ್ಖು ಸಂಘದೊಂದಿಗೆ ನನ್ನಲ್ಲಿ ಊಟಕ್ಕೆ ಬನ್ನಿ ಎಂದು ಕೇಳಿಕೊಂಡಳು. ಬುದ್ಧರು ಮೌನದಿಂದ ಒಪ್ಪಿದರು. ಅದೇ ದಾರಿಯಲ್ಲಿ ಲಿಚ್ಛವಿಗಳು ರಥಗಳಲ್ಲಿ ಬರುತ್ತಿದ್ದರು. ವೈಶಾಲಿಯನ್ನು ಆಳುವವರು ಅವರು. ವಿಷಯ ತಿಳಿದು, ಒಂದು ಲಕ್ಷ ಕೊಡುತ್ತೇವೆ, ಆ ಊಟವನ್ನು ನಮಗೆ ಬಿಟ್ಟುಕೊಡು ಎಂದರು. ವೈಶಾಲಿಯನ್ನೇ ಕೊಟ್ಟರೂ ಬಿಡುವುದಿಲ್ಲ ಎಂದಳು. ಅವರು ನೇರವಾಗಿ ಬುದ್ಧರ ಬಳಿ ಹೋಗಿ ನಾಳೆಗೆ ಕರೆದರು. ನಾಳೆ ಅಂಬಪಾಲಿಯ ಮನೆಯ ಊಟಕ್ಕೆ ಒಪ್ಪಿಯಾಗಿದೆ ಎಂದು ಬುದ್ಧರು ಹೇಳಿದರು. ಅಷ್ಟೇ.

ಇಲ್ಲಿ ಬುದ್ಧರು ಜಾತಿ, ಅಂತಸ್ತುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊದಲು ಕೊಟ್ಟ ಮಾತು ಮೊದಲು ಎಂದು ನಡೆದುಕೊಂಡರು. ಆಳುವವರು ಕರೆದರು ಎಂದು ಗಣಿಕೆಯ ಮನೆಯ ಊಟ ಮುಂದಕ್ಕೆ ಹೋಗಲಿಲ್ಲ. ಸಮಾನತೆಯನ್ನು ಎರಡು ಗಂಟೆ ಭಾಷಣ ಮಾಡಿಯೂ ಹೇಳಬಹುದು. ಬಡವರ ಮನೆಗೆ ಕೊಟ್ಟ ಸಮಯವನ್ನು ದೊಡ್ಡವರ ಫೋನ್ ಬಂತೆಂದು ಬದಲಾಯಿಸದೆ ಇದ್ದೂ ಹೇಳಬಹುದು.

ಆ ಕಾಲದಲ್ಲಿ ಗಡಿಯಾರ ಇರಲಿಲ್ಲ, ಹಾಗಾಗಿ ಇದೆಲ್ಲ ಈಗಿನ ಕಾಲದ ಶಿಸ್ತು ಎನ್ನುವವರಿದ್ದಾರೆ. ಗಡಿಯಾರ ಇರಲಿಲ್ಲ ನಿಜ, ಆದರೆ ಹೊತ್ತು ಇತ್ತು. ಭಿಕ್ಖುಗಳು ನಡುಹಗಲು ದಾಟಿದ ಮೇಲೆ ಊಟ ಮಾಡುವ ಹಾಗಿಲ್ಲ. ಊಟಕ್ಕೆ ಕರೆದವರು ತಡ ಮಾಡಿದರೆ ಅವರು ಆ ದಿನ ಉಪವಾಸ. ಆದ್ದರಿಂದಲೇ ಅಡುಗೆ ಸಿದ್ಧವಾದ ಕೂಡಲೇ ಹೊತ್ತಾಯಿತು ಎಂದು ತಿಳಿಸುವುದು ಕರೆದವರ ಕರ್ತವ್ಯವಾಗಿತ್ತು. ಹೊತ್ತಿಗೆ ಸರಿಯಾಗಿ ಪಾತ್ರೆ ಹಿಡಿದು ಹೊರಡುವುದು ಹೋಗುವವರ ಕರ್ತವ್ಯವಾಗಿತ್ತು. ಸುತ್ತಗಳಲ್ಲಿ ಮತ್ತೆ ಮತ್ತೆ ಬರುವ ಕ್ರಮ ಇದು.

*ಶೀಲದ ಮಾತು*

ನಾನು ಆ ಭಾನುವಾರ ಪಂಚಶೀಲ ಹೇಳಿಕೊಟ್ಟೆ. ನಾಲ್ಕನೆಯ ಶೀಲ ಸುಳ್ಳಿನಿಂದ ದೂರವಿರುವುದು. ಅದನ್ನು ಹೇಳುವ ಮೊದಲೇ ಎರಡು ಸಲ "ಐದು ನಿಮಿಷ" ಎಂದು ಸುಳ್ಳು ಹೇಳಿಯಾಗಿತ್ತು. ಇದು ಊರೆಲ್ಲ ಹೇಳುವ ಸುಳ್ಳು, ಯಾರೂ ನಂಬುವುದೂ ಇಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಅಕ್ಕ ನಂಬಿದ್ದರು. ನಿಜ ಹೇಳಿದ್ದರೆ ಅವರು "ಹಾಗಾದ್ರೆ ಸಂಜೆ ಬನ್ನಿ" ಎಂದು ಹೇಳಿ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ನನ್ನ ಸುಳ್ಳು ಅವರನ್ನು ಬಾಗಿಲಲ್ಲೇ ಕಟ್ಟಿಹಾಕಿತು.

ಎರಡನೆಯ ಶೀಲ ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದು. ಬೇರೆಯವರ ಸಮಯವೂ ಇದರಲ್ಲಿ ಸೇರುತ್ತದೆಯೇ? ಕಳ್ಳತನಕ್ಕೆ ಕದಿಯುವ ಚೇತನ, ಅಂದರೆ ಉದ್ದೇಶ ಬೇಕು ಎಂದು ಧಮ್ಮ ಹೇಳುತ್ತದೆ. ಬಸ್ಸು ಕೆಟ್ಟು ನಿಂತರೆ, ಮಗುವಿಗೆ ಜ್ವರ ಬಂದರೆ, ಶಿಫ್ಟಿನಲ್ಲಿ ಬಿಡದಿದ್ದರೆ ತಡವಾಗುತ್ತದೆ, ಅದು ಕಳ್ಳತನವಲ್ಲ. ಆದರೆ ಅಕ್ಕ ನಮಗೆ ಕೊಟ್ಟದ್ದು ಎಂಟೂವರೆಯಿಂದ ಒಂಬತ್ತೂವರೆ. ನಾವು ತೆಗೆದುಕೊಂಡದ್ದು ಹನ್ನೊಂದರವರೆಗೆ. ತಡವಾಗುತ್ತದೆ ಎಂದು ಗೊತ್ತಿದ್ದೂ ಹೇಳದೆ ಉಳಿದಾಗ, ಕೊಡದ ಆ ಒಂದೂವರೆ ಗಂಟೆಯನ್ನು ತಿಳಿದೇ ತೆಗೆದುಕೊಂಡ ಹಾಗಾಯಿತು. ಅದು ಕೂಲಿಯವರ ಸಮಯ. ಹಣದ ಲೆಕ್ಕಕ್ಕೆ ಬರುವ ಸಮಯ.

ದುಡಿಯುವವರ ಸಮಯಕ್ಕೆ ಬೆಲೆ ತಂದವರು ಯಾರು ಎಂಬುದನ್ನು ನಾವು ಮರೆಯಬಾರದು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು, ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 54 ಗಂಟೆಯಿಂದ 48 ಗಂಟೆಗೆ ಇಳಿಸುವ ತಿದ್ದುಪಡಿ ಮಸೂದೆಯನ್ನು 1946ರಲ್ಲಿ ತಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳಲ್ಲಿ ದುಡಿದ ಮನೆತನಗಳವರು ನಮ್ಮ ನಡುವೆ ಇದ್ದಾರೆ. ಶಿಫ್ಟ್ ಮುಗಿದ ಮೇಲಿನ ಒಂದೊಂದು ಗಂಟೆಗೆ ಎಷ್ಟು ಬೆಲೆ ಎಂದು ಅವರನ್ನು ಕೇಳಿ. ಕಾನೂನು ಉಳಿಸಿಕೊಟ್ಟ ಆ ಗಂಟೆಗಳನ್ನು ಬಂಧುಗಳಾದ ನಾವೇ ಪೋಲು ಮಾಡಬಹುದೇ?

*ಕೇಳಿ ಹೋಗುವುದು ದೂರ ಮಾಡಿದಂತೆಯೇ?*

ಒಬ್ಬ ಹಿರಿಯರು ನನಗೆ ಹೇಳಿದರು: "ನಮ್ಮ ಕೇರಿಯಲ್ಲಿ ಯಾರ ಮನೆಗೆ ಯಾವಾಗ ಬೇಕಾದರೂ ಹೋಗ್ತಿದ್ವಿ. ಬಾಗಿಲು ತೆಗೆದೇ ಇರ್ತಿತ್ತು. ಈಗ ಅಣ್ಣನ ಮನೆಗೆ ಹೋಗೋಕೂ ಫೋನ್ ಮಾಡಿ ಕೇಳಬೇಕಾ? ಇದೇನು ಆಫೀಸಾ?" ಅವರ ಮಾತಿನಲ್ಲಿ ನಿಜವಿದೆ. ಆ ತೆರೆದ ಬಾಗಿಲು ನಮ್ಮ ಆಸ್ತಿ. ಸಾವಿಗೆ, ಕಾಯಿಲೆಗೆ, ಕಷ್ಟಕ್ಕೆ ಯಾರೂ ಸಮಯ ಕೇಳಿಕೊಂಡು ಹೋಗಬೇಕಾಗಿಲ್ಲ, ಓಡಿ ಹೋಗಬೇಕು.

ಆದರೆ ಆ ಬಾಗಿಲಿಗೆ ಇನ್ನೊಬ್ಬರೂ ಹೇಳದೆ ಕೇಳದೆ ಬರುತ್ತಿದ್ದರು. ಗೌಡರ ಮನೆಯ ಆಳು. ಬಿಟ್ಟಿ ಚಾಕರಿಗೆ ಕರೆಯಲು. ಉಣ್ಣುತ್ತಿದ್ದರೂ, ಮಲಗಿದ್ದರೂ ಎದ್ದು ಹೋಗಬೇಕಿತ್ತು. ಮಹಾರಾಷ್ಟ್ರದ ಮಹಾರ್ ವತನದಲ್ಲೂ ಅದೇ ಕತೆ, ಹಗಲು ರಾತ್ರಿ ಎನ್ನದೆ ಕರೆದಾಗ ಹೋಗಬೇಕು. ಅದರ ವಿರುದ್ಧ ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ನಮ್ಮ ತಾತಂದಿರಿಗೆ "ಈಗ ಆಗಲ್ಲ, ಆಮೇಲೆ ಬನ್ನಿ" ಎನ್ನುವ ಹಕ್ಕು ಇರಲಿಲ್ಲ. ಹಾಗಾಗಿ ಇವತ್ತು ನಾವು ಒಬ್ಬರಿಗೆ ಫೋನ್ ಮಾಡಿ "ಯಾವಾಗ ಬಂದರೆ ನಿಮಗೆ ಅನುಕೂಲ?" ಎಂದು ಕೇಳುವುದು ದೂರ ಮಾಡಿದಂತಲ್ಲ. ನಿಮ್ಮ ಹೊತ್ತಿಗೆ ಯಜಮಾನರು ನೀವೇ ಎಂದು ಒಪ್ಪಿಕೊಂಡಂತೆ. "ಇವತ್ತು ಬೇಡ" ಎಂದು ಅವರು ಹೇಳಿದರೆ ಬೇಜಾರು ಮಾಡಿಕೊಳ್ಳದೆ ಇರುವುದೂ ಈ ಗೌರವದ ಭಾಗವೇ.

*ಕಾದವರು ಏನು ಮಾಡಬೇಕು?*

ಇನ್ನೊಂದು ಕಡೆಯಿಂದಲೂ ನೋಡೋಣ. ವಿನಯ ಪಿಟಕದ ಆರಂಭದಲ್ಲೇ ವೇರಂಜದ ಬ್ರಾಹ್ಮಣನ ಪ್ರಸಂಗವಿದೆ. ಅವನು ಬುದ್ಧರನ್ನೂ ಸಂಘವನ್ನೂ ವರ್ಷಾವಾಸಕ್ಕೆ ತನ್ನ ಊರಿಗೆ ಕರೆದ. ಕರೆದು ಮರೆತುಬಿಟ್ಟ. ಅದು ಬರಗಾಲ. ಕುದುರೆ ವ್ಯಾಪಾರಿಗಳು ಕೊಟ್ಟ ಧಾನ್ಯವನ್ನು ಕುಟ್ಟಿಕೊಂಡು ತಿಂದು ಭಿಕ್ಖುಗಳು ಮಳೆಗಾಲ ಕಳೆದರು. ವರ್ಷಾವಾಸ ಮುಗಿದಾಗ ಬುದ್ಧರು ಆನಂದರನ್ನು ಕರೆದುಕೊಂಡು ಅದೇ ಬ್ರಾಹ್ಮಣನ ಮನೆಗೆ ಹೋದರು. ಕರೆದವರಿಗೆ ಹೇಳದೆ ಹೊರಡುವುದು ತಥಾಗತರ ಪದ್ಧತಿಯಲ್ಲ ಎಂಬುದೇ ಕಾರಣ. ಬೈಯಲಿಲ್ಲ, ಚುಚ್ಚಲಿಲ್ಲ. ಹೊರಡುತ್ತೇವೆ ಎಂದು ಹೇಳಿದರು. ಅವನೇ ತಪ್ಪು ಒಪ್ಪಿಕೊಂಡ. ಕೊಡಬೇಕಾದುದನ್ನು ಕೊಡಲಿಲ್ಲ, ಮನಸ್ಸಿಲ್ಲದೆ ಅಲ್ಲ, ಮನೆವಾರ್ತೆಯ ಗಡಿಬಿಡಿಯಲ್ಲಿ ಹಾಗಾಯಿತು ಎಂದ. ಮಾರನೇ ದಿನ ಊಟಕ್ಕೆ ಕರೆದ. ಬುದ್ಧರು ಒಪ್ಪಿದರು.

ನಮಗೆ ತಪ್ಪು ಮಾಡಿದವರ ಬಳಿಯೂ ಸೌಜನ್ಯ ಬಿಡಬೇಕಾಗಿಲ್ಲ ಎಂಬುದು ಇದರ ಒಂದು ಪಾಠ. ಇನ್ನೊಂದು ಪಾಠವೂ ಇದೆ. ಬುದ್ಧರು ಏನೂ ಆಗಿಲ್ಲ ಎಂಬಂತೆ ಸುಮ್ಮನೆ ಊರು ಬಿಟ್ಟು ಹೋಗಲಿಲ್ಲ. ಎದುರಿಗೆ ಹೋಗಿ ನಿಂತದ್ದರಿಂದ ಅವನಿಗೆ ತನ್ನ ತಪ್ಪು ಕಂಡಿತು, ಸರಿಪಡಿಸಿಕೊಳ್ಳಲು ದಾರಿಯೂ ಸಿಕ್ಕಿತು. ಹಾಗಾಗಿ ಕಾದವರು ನಗುತ್ತಾ ನುಂಗಿಕೊಳ್ಳಬೇಕಾಗಿಲ್ಲ. "ನೀವು ತಡವಾಗಿ ಬಂದದ್ದರಿಂದ ನನಗೆ ಹೀಗಾಯಿತು" ಎಂದು ಸಮಾಧಾನವಾಗಿ ಹೇಳಬಹುದು. ಹೇಳಬೇಕು. ನಮ್ಮ ಅಕ್ಕಂದಿರು, ತಾಯಂದಿರು ಇದನ್ನು ಹೇಳಲು ಅಂಜುವಂಥ ಬಳಗ ನಮ್ಮದಾಗಿದ್ದರೆ, ಆ ತಪ್ಪು ಬಳಗದ್ದು.

*ಬಳಗದಲ್ಲಿ ನಾವು ಮಾಡಿಕೊಂಡ ಒಪ್ಪಂದ*

1. ಮನೆಗೆ ಹೋಗುವ ಮೊದಲು ಕೇಳುವುದು. ಸಮಯವನ್ನು ಮನೆಯವರು ಹೇಳಬೇಕು, ನಾವಲ್ಲ.
2. ಬರುವ ಹೊತ್ತಿನ ಜೊತೆಗೆ ಏಳುವ ಹೊತ್ತನ್ನೂ ಮುಂಚೆಯೇ ಹೇಳುವುದು. ಎಷ್ಟು ಜನ ಬರುತ್ತೇವೆ, ತಿಂಡಿ ಬೇಕೋ ಬೇಡವೋ ಎಂಬುದನ್ನೂ ಹೇಳುವುದು.
3. ತಡವಾಗುವುದಾದರೆ ಹೇಳಿದ ಸಮಯಕ್ಕೆ ಮೊದಲೇ ಫೋನ್ ಮಾಡುವುದು. ಐದು ನಿಮಿಷ ಎನ್ನಬಾರದು, ನಿಜವಾದ ಸಮಯ ಹೇಳಬೇಕು. "ಹಾಗಾದರೆ ಬೇರೆ ದಿನ ಬರೋಣವೇ?" ಎಂದೂ ಕೇಳಬೇಕು.
4. ಸಭೆಯನ್ನು ಹೇಳಿದ ಹೊತ್ತಿಗೆ, ಬಂದವರೊಂದಿಗೆ ಶುರು ಮಾಡುವುದು. ಮುಖ್ಯ ಅತಿಥಿ ಯಾರೇ ಆಗಿರಲಿ.
5. ಕೆಲಸ, ಬಸ್ಸು, ಮಕ್ಕಳ ಕಾರಣಕ್ಕೆ ತಡವಾಗಿ ಬಂದವರನ್ನು ಎಲ್ಲರೆದುರು ಅನ್ನದಿರುವುದು. ಅವರಿಗೆ ಸರಿಹೋಗುವ ಹೊತ್ತು ಯಾವುದು ಎಂದು ಕೇಳಿ, ಮುಂದಿನ ಸಲ ಸಮಯವನ್ನೇ ಬದಲಾಯಿಸುವುದು.

ನಿನ್ನೆ ಅಕ್ಕನಿಗೆ ಫೋನ್ ಮಾಡಿ ಯಾವಾಗ ಬರಲಿ ಎಂದು ಕೇಳಿದೆ. ಸಂಜೆ ಏಳಕ್ಕೆ ಎಂದರು. ಏಳಕ್ಕೆ ಐದು ನಿಮಿಷ ಇರುವಾಗ ಹೋಗಿ ಬೀದಿಯ ಕೊನೆಯಲ್ಲಿ ನಿಂತಿದ್ದು, ಏಳಕ್ಕೆ ಬಾಗಿಲು ತಟ್ಟಿದೆ. ತಪ್ಪಾಯಿತು ಎಂದೆ. ಕೆಲಸದ ಮನೆಯವರಿಗೆ ನಾನೇ ಬಂದು ಹೇಳಲೇ ಎಂದು ಕೇಳಿದೆ. "ಬೇಡ, ಅದು ನಾನು ನೋಡ್ಕೋತೀನಿ. ಮುಂದಿನ ಸಲ ಹೇಳಿದ ಟೈಮಿಗೆ ಬನ್ನಿ, ಸಾಕು" ಎಂದರು. ಈ ವಿಷಯವನ್ನು ಗುಂಪಿನಲ್ಲಿ ಬರೆಯಲೇ ಎಂದೂ ಕೇಳಿದೆ. "ಬರೀರಿ. ನನ್ನ ಹೆಸರು ಬೇಡ" ಎಂದರು. ಏಳೂವರೆಗೆ ಎದ್ದು ಬಂದೆ.

ಇಂದು ನೀವು ಯಾರಿಗಾದರೂ ಬರುತ್ತೇನೆ ಎಂದು ಹೇಳಿದ್ದರೆ, ಈಗಲೇ ಒಮ್ಮೆ ನೆನಪಿಸಿಕೊಳ್ಳಿ. ಆಗುವುದಿಲ್ಲವಾದರೆ ಈಗಲೇ ತಿಳಿಸಿ.

ನಮೋ ಬುದ್ಧಾಯ 🙏 ಜೈ ಭೀಮ್
(ಇಷ್ಟವಾದರೆ ನಿಮ್ಮ ಬಳಗದವರಿಗೂ ಕಳಿಸಿ)